ಒಂಬತ್ತು ಅಡಿಯ ಇಳಿಜಾರು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿರುವಾಗ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಭಾನುವಾರ ನಮ್ಮ ತಂಡದವರೆಲ್ಲ ಊರಿಗೆ ಮರಳಲು ವಿಮಾನ ಹತ್ತುತ್ತಾರೆ. ಅವರ ಜೊತೆ ನಾನಿರುವುದಿಲ್ಲ. ಅಪ್ಪನಿಗೆ ಊಟವಾದ ಮೇಲೆ, ಸಮಯ ನೋಡಿ ಹೇಳು.

ಇಲ್ಲಿನ ಸಣ್ಣ ಆಸ್ಪತ್ರೆಯ ಬಾಗಿಲಿಗೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು ಕಟ್ಟಿಕೊಡುವುದು ನಮಗೆ ಒಪ್ಪಿಸಿದ್ದ ಸೇವೆ. ಬಾಗಿಲು ನೆಲದಿಂದ ಎರಡೂವರೆ ಅಡಿ ಮೇಲಿದೆ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದ ನಿನಗೆ ನಾನು ಹೇಳಬೇಕೇ? ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಒಟ್ಟು ಮೂವತ್ತಡಿ ಬೇಕು. ನಾವು ಕಟ್ಟಿದ್ದು ಒಂಬತ್ತು.

ನಮ್ಮ ತಂಡದ ನಾಯಕನ ಕೊರಳಲ್ಲಿ ಸದಾ ಒಂದು ಸೀಟಿ. ಬೆನ್ನ ಹಿಂದೆ ಅವನನ್ನು ಪೀಪಿ ಎನ್ನುತ್ತೇವೆ. ಅವನಿಗೆ ಟೇಪು ಹಿಡಿದು ತೋರಿಸಿದೆ. ನಡುವೆ ಒಂದು ತಿರುವು ಕೊಟ್ಟರೆ ಅಂಗಳದಲ್ಲೇ ಮೂವತ್ತಡಿ ಹಿಡಿಸುತ್ತದೆ ಎಂದೆ. ಈ ಊರಿನ ಮೇಸ್ತ್ರಿಯೂ ಅದನ್ನೇ ಹೇಳಿದರು. ಹಾಗೆ ಮಾಡಿದರೆ ಕಳೆದ ಶನಿವಾರದ ಉದ್ಘಾಟನೆಗೆ ಕೆಲಸ ಮುಗಿಯುವುದಿಲ್ಲ, ಸೇವೆಗೆಂದು ಬಂದವರು ತಕರಾರು ಎತ್ತಬಾರದು ಎಂದು ಅವನ ಉಪದೇಶ. ಮೇಸ್ತ್ರಿಯನ್ನು ಮಣ್ಣು ಹೊರಲು ಕಳಿಸಿದ. ತಲೆ ನೆರೆತ ಕಸುಬುದಾರರಿಗೆ ಮಂಕರಿ, ಮೊನ್ನೆ ಮೊನ್ನೆ ಕರಣೆ ಹಿಡಿದ ನಮಗೆ ಯಜಮಾನಿಕೆ!

ಉದ್ಘಾಟನೆಗೆ ಎದುರು ಬೀದಿಯ ದರ್ಜಿ ಅಕ್ಕನನ್ನು ಕರೆತಂದರು. ಅವರು ಹತ್ತು ವರ್ಷದಿಂದ ಗಾಲಿಕುರ್ಚಿಯಲ್ಲಿದ್ದಾರೆ. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರವೇ ಅವರ ಜೀವನಾಧಾರ. ಇಳಿಜಾರು ನೋಡಿದವರೇ ಬೇಡ ಎಂದರು. ನಮ್ಮವರು ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಅರ್ಧ ಹತ್ತಿದ ಮೇಲೆ ಕುರ್ಚಿ ಹಿಂದಕ್ಕೆ ಜಾರಿ ಮಗುಚಿತು. ಅವರ ಬಲ ಮಣಿಕಟ್ಟು ಮುರಿಯಿತು.

ಅದಕ್ಕಿಂತ ಹೊಟ್ಟೆ ಉರಿಸಿದ್ದು ಸೋಮವಾರ ನಡೆದದ್ದು. ಪೀಪಿ ವರದಿ ಓದಿದ: ಕುರ್ಚಿಯಲ್ಲಿದ್ದವರು ಬ್ರೇಕ್ ಹಾಕದೆ ಅಜಾಗರೂಕತೆ ತೋರಿದ್ದೇ ಅಪಘಾತಕ್ಕೆ ಕಾರಣವಂತೆ. ಏರು ಹತ್ತುವಾಗ ಯಾರಾದರೂ ಬ್ರೇಕ್ ಹಾಕುತ್ತಾರೆಯೇ ಅಮ್ಮ? ಒಬ್ಬೊಬ್ಬರಾಗಿ ಎಲ್ಲರೂ ತಲೆ ತಗ್ಗಿಸಿ ಸಹಿ ಹಾಕಿದರು. ನಾನು ಹಾಕಲಿಲ್ಲ. ಅಳತೆ ಸಮೇತ ನನ್ನದೇ ಹೇಳಿಕೆ ಬರೆದು ಆಸ್ಪತ್ರೆಯ ಡಾಕ್ಟರಮ್ಮನ ಕೈಗೆ ಕೊಟ್ಟೆ. ಸಂಜೆಯೊಳಗೆ ನನ್ನ ಚೀಲ ವಸತಿಗೃಹದ ಹೊರಗಿತ್ತು.

ಅಲ್ಲಿಂದ ನೇರ ದರ್ಜಿ ಅಕ್ಕನ ಕೋಣೆಗೆ ಹೋದೆ. ಪಟ್ಟಿ ಹಾಕಿದ ಕೈ ಮಡಿಲಲ್ಲಿತ್ತು, ಅರ್ಧ ಹೊಲಿದ ಅಂಗಿಗಳು ಮೇಜಿನ ಮೇಲೆ ಬಿದ್ದಿದ್ದವು. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ದನಿ ಏರಿಸಲೂ ಇಲ್ಲ.

"ಒಂದು ಅಂಗಿ ಹೊಲಿಯೋಕೂ ಮೊದಲು ಅಳತೆ ತಗೋತೀನಿ ನಾನು," ಎಂದರು. "ನೀವು ಇಷ್ಟು ಜನ ಅಷ್ಟು ದೂರದಿಂದ ಬಂದ್ರಿ. ನಿಂಗೇನು ಬೇಕು ಅಂತ ಒಬ್ರೂ ಕೇಳಲಿಲ್ಲ."

ಈಗ ಏನು ಬೇಕು ಎಂದು ಕೇಳಿದೆ. ಯಂತ್ರದ ಚಕ್ರ ತಿರುಗಿಸು ಎಂದರು.

ಈಗ ಮಧ್ಯಾಹ್ನದ ಮೇಲೆ ನಾನು ಚಕ್ರ ತಿರುಗಿಸುತ್ತೇನೆ, ಅವರು ಎಡಗೈಯಲ್ಲಿ ಬಟ್ಟೆ ನಡೆಸುತ್ತಾರೆ. ಜೋರಾಯಿತು, ನಿಧಾನವಾಯಿತು ಎಂದು ಗದರಿಸುತ್ತಾರೆ. ಬೆಳಿಗ್ಗೆ ಮೇಸ್ತ್ರಿಯ ಜೊತೆ, ಮೂವತ್ತಡಿ ಕಟ್ಟಲೆಂದು, ಆ ಒಂಬತ್ತಡಿಯನ್ನು ಒಡೆಯುತ್ತೇನೆ. ಡಾಕ್ಟರಮ್ಮ ಒಪ್ಪಿಗೆ ಕೊಟ್ಟಿದ್ದಾರೆ. ಕೈಯೆಲ್ಲ ಬೊಬ್ಬೆ. ಅಕ್ಕನ ಕೈಯ ಪಟ್ಟಿ ಬಿಚ್ಚಲು ಆರು ವಾರ ಬೇಕು. ಅಲ್ಲಿಯವರೆಗೆ ಇಲ್ಲೇ ಇರುತ್ತೇನೆ, ಬೇಡ ಅನ್ನಬೇಡ.

ನಿನ್ನ ಮುಂಗೋಪಿ ಮಗಳು,
ಚೂಟಿ

ತಾ.ಕ.: ಕುರ್ಚಿ ಜಾರಿತು ಎಂದಷ್ಟೇ ಬರೆದೆ. ಹಿಂದಿನಿಂದ ತಳ್ಳುತ್ತಿದ್ದವಳು ನಾನು. ಅಕ್ಕ ಒಬ್ಬರೇ ಹತ್ತುವಂತೆ ಫೋಟೋದಲ್ಲಿ ಕಾಣಬೇಕು, ಪಕ್ಕಕ್ಕೆ ಸರಿ ಎಂದು ಪೀಪಿ ಹೇಳಿದ. ಅಳತೆ ಗೊತ್ತಿದ್ದೂ ಕೈ ಬಿಟ್ಟೆ. ಹೇಳಿಕೆಯಲ್ಲಿ ಇದನ್ನು ಬರೆದಿಲ್ಲ. ಅಕ್ಕನಿಗೆ ಗೊತ್ತು, ಆದರೂ ಇವತ್ತಿನವರೆಗೆ ಆ ಮಾತೆತ್ತಿಲ್ಲ. ಈ ಪತ್ರವನ್ನು ಅಂಚೆಗೆ ಹಾಕಿ ಡಾಕ್ಟರಮ್ಮನ ಬಳಿಗೆ ಹೋಗುತ್ತಿದ್ದೇನೆ.