ಚೀಲದ ತಳದಲ್ಲಿ ಸಿಕ್ಕ ಕಲ್ಲು

ವಹ್ರಾನ್, ವಿದ್ಯಾರ್ಥಿನಿಯರ ವಸತಿಗೃಹ
ಅಕ್ಟೋಬರ್ 21, ಸೋಮವಾರ

ಪ್ರೀತಿಯ ಅಜ್ಜೀ,

ನಿನ್ನ ಬಖ್ತಾಳ ಸಲಾಮು. ಉಬ್ಬಸ ಹೇಗಿದೆ? ಮೆಶ್ರಿಯಾದಲ್ಲಿ ಆಗಲೇ ಚಳಿಗಾಳಿ ಎದ್ದಿರಬೇಕು. ತಣ್ಣೀರಿಗೆ ಕೈ ಹಾಕುತ್ತಿಲ್ಲ ತಾನೇ? ಇದನ್ನು ಓದಿ ಹೇಳುವಾಗ ನೀನು ಇಲ್ಲ ಇಲ್ಲ ಎಂದು ತಲೆಯಾಡಿಸುತ್ತೀ, ಓದುವ ಅತ್ತೆ ನಿಜ ಗೊತ್ತಿದ್ದೂ ಸುಮ್ಮನಿರುತ್ತಾಳೆ. ಜೊಹ್ರಾ ಅತ್ತೇ, ನಿನಗೂ ಸಲಾಮು. ಗಡಿಬಿಡಿಯಲ್ಲಿ ಸಾಲು ಹಾರಿಸಬೇಡ, ನಿನಗೆ ಇಷ್ಟವಾಗದ ಮಾತನ್ನು ನುಂಗಿಹಾಕಲೂ ಬೇಡ. ಫೋನಿನಲ್ಲಿ ಹೇಳಿದ್ದರೆ ಸಾಕಿತ್ತು ಅನ್ನುತ್ತೀಯೇನೋ. ಅಪ್ಪನ ಸುದ್ದಿ ಫೋನಿನಲ್ಲಿ ಬಂದಂದಿನಿಂದ ಅಜ್ಜಿ ಅದನ್ನು ಕಿವಿಯ ಹತ್ತಿರಕ್ಕೂ ತಂದವಳಲ್ಲ, ನಿನಗೇ ಗೊತ್ತಲ್ಲ. ಅದಕ್ಕೇ ಈ ಕಾಗದವನ್ನು ನಮ್ಮೂರ ಬಸ್ಸಿನ ಮೀಲೂದ್ ಮಾಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಜ್ವರವಿಲ್ಲ, ಅಳುವಿಲ್ಲ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತೇನೆ. ಮಸೂರದ ಸಾರೋ ಬಿಳಿ ಬೀನ್ಸೋ ಹಾಕುತ್ತಾರೆ, ಅರ್ಧ ಬ್ರೆಡ್ಡು ಕೊಡುತ್ತಾರೆ, ತಿಂದು ಏಳುತ್ತೇನೆ. ಏನು ತಿಂದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಒಳಗೆಲ್ಲ ಹಾಗಿದೆ. ಕೋಣೆಯಲ್ಲಿ ನನ್ನ ಜೊತೆ ಇರುವವಳು ಸೌಮಿಷಾ ಅಂತ, ರೆಲಿಝಾನಿನವಳು. ಬಾಯಿಗೆ ಬೀಗವೇ ಇಲ್ಲ. ಬಂದ ದಿನವೇ ನನ್ನನ್ನು ನೋಡಿ, ‘ಬಖ್ತಾ ಅಂತ ಮುತ್ತಜ್ಜಿ ಹೆಸರಿಟ್ರು ಸರಿ ಕಣೇ, ಮುತ್ತಜ್ಜಿ ಮುಖಾನೂ ಕೊಟ್ಟೇ ಕಳಿಸಿದ್ದಾರಲ್ಲ’ ಅಂದಳು. ನಗು ಬರಬೇಕಿತ್ತು. ನೀನು ನೇಯ್ದ ಕಂಬಳಿಯ ಅರ್ಧ ಅವಳೇ ಹೊದೆಯುತ್ತಾಳೆ. ಅವಳು ಕೇಳಲಿಲ್ಲ, ನಾನೂ ಬೇಡವೆನ್ನಲಿಲ್ಲ.

ತರಗತಿಯ ವಿಷಯ ಕೇಳುತ್ತೀ ಎಂದು ಬರೆಯುತ್ತೇನೆ. ನಮ್ಮೂರ ಸಿನಿಮಾ ಹಾಲಿಗಿಂತ ದೊಡ್ಡ ಕೋಣೆ, ಮೆಟ್ಟಿಲುಮೆಟ್ಟಿಲಾಗಿ ಬೆಂಚು. ತಡವಾಗಿ ಹೋದರೆ ಮೆಟ್ಟಿಲೇ ಗತಿ. ಮೇಷ್ಟ್ರು ಮೈಕಿನಲ್ಲಿ ಫ್ರೆಂಚಿನಲ್ಲಿ ಮಾತಾಡುತ್ತಾರೆ. ಶಾಲೆಯಲ್ಲಿ ಇಷ್ಟೂ ವರ್ಷ ಅರಬ್ಬಿಯಲ್ಲಿ ಕಲಿತ ವಿಜ್ಞಾನ ಒಂದೇ ಬೇಸಿಗೆಯಲ್ಲಿ ಬೇರೆ ಬಟ್ಟೆ ಹಾಕಿಕೊಂಡು ಬಂದು ಎದುರಿಗೆ ನಿಂತಿದೆ. ಗುರುತೇ ಸಿಗುವುದಿಲ್ಲ. ಕಿವಿಗೆ ಬಿದ್ದದ್ದನ್ನು ಅರಬ್ಬಿ ಅಕ್ಷರದಲ್ಲಿ ಗೀಚಿಕೊಂಡು ಬಂದು ಸಂಜೆ ಸೌಮಿಷಾಳ ಹತ್ತಿರ ಬಿಡಿಸಿಕೊಳ್ಳುತ್ತೇನೆ. ಮೊದಲ ವಾರ ಇದಕ್ಕೆ ಅಳುವವರು ಬೇಕಾದಷ್ಟು ಜನ ಇದ್ದರು. ನಾನು ಅವರಿಗೆ ಕರವಸ್ತ್ರ ಕೊಟ್ಟೆ. ಭೂವಿಜ್ಞಾನವೇ ಬೇಕೆಂದು ಮನೆಯಲ್ಲಿ ಹಟ ಹಿಡಿದವಳು ನಾನೇನಾ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ಈಗ ಕಲ್ಲಿನ ವಿಷಯ. ಅಜ್ಜೀ, ನಿನ್ನ ಕಲ್ಲು ನನ್ನ ಹತ್ತಿರ ಇದೆ. ಉಬ್ಬಸಕ್ಕೆ ತಣ್ಣೀರು ಆಗದೆಂದು ಡಾಕ್ಟರು ಹೇಳಿದ ಮೇಲೆ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಬದಲು ನೀನು ಅಂಗೈಯಿಂದ ಸವರಿ ಮುಖಕ್ಕೂ ಕೈಗೂ ಒರೆಸಿಕೊಳ್ಳುತ್ತೀಯಲ್ಲ, ಅದೇ ನುಣ್ಣನೆಯ ಬೂದುಗಲ್ಲು. ನೀರು ಮುಟ್ಟಲಾಗದವರಿಗೆ ಕಲ್ಲೇ ನೀರು ಎಂದು ಚಿಕ್ಕಂದಿನಲ್ಲಿ ನನಗೆ ಹೇಳಿಕೊಟ್ಟವಳೂ ನೀನೇ. ಅದು ನನ್ನ ಚೀಲದ ತಳದಲ್ಲಿ, ಉಣ್ಣೆಯ ಕಾಲುಚೀಲದೊಳಗೆ ಇತ್ತು. ಅತ್ತೆ ಬಟ್ಟೆ ತುಂಬುವ ಭರದಲ್ಲಿ ಅದನ್ನೂ ಸೇರಿಸಿ ಕಟ್ಟಿಬಿಟ್ಟಿದ್ದಾಳೆ. ಅತ್ತೇ, ಇದನ್ನು ಮಾತ್ರ ಜೋರಾಗಿ ಓದು. ಪಾಪ, ಅಜ್ಜಿ ಇಷ್ಟು ದಿನ ಎಲ್ಲೆಲ್ಲಿ ತಡಕಾಡಿದಳೋ.

ಇನ್ನೊಂದು ಎಡವಟ್ಟೂ ಆಗಿದೆ. ಕಳೆದ ವಾರ ಪ್ರಯೋಗದ ಕ್ಲಾಸಿಗೆ ಎಲ್ಲರೂ ತಂತಮ್ಮ ಊರಿನ ಒಂದೊಂದು ಕಲ್ಲು ತರಬೇಕೆಂದು ಹೇಳಿದ್ದರು. ನಾನು ಮರೆತಿದ್ದೆ. ಕೈಗೆ ಸಿಕ್ಕಿದ್ದು ಅದೊಂದೇ, ಬರೀ ನೋಡಿ ಕೊಡುತ್ತಾರೆ ಅಂದುಕೊಂಡು ಒಯ್ದೆ. ಮೇಷ್ಟ್ರು ತಿರುಗಿಸಿ ನೋಡಿದವರೇ, ನಾನು ಬಾಯಿ ತೆರೆಯುವ ಮೊದಲೇ ಒಂದು ತೊಟ್ಟು ಆಸಿಡ್ ಹಾಕಿಬಿಟ್ಟರು. ಬುಸುಬುಸು ಎಂದು ನೊರೆ ಎದ್ದಿತು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ‘ಸುಣ್ಣಕಲ್ಲು. ಇದು ಸಮುದ್ರದ ತಳದಲ್ಲಿ ಹುಟ್ಟಿದ್ದು ಕಣಮ್ಮ. ನಿಮ್ಮೂರು ಒಂದು ಕಾಲಕ್ಕೆ ನೀರಿನ ಕೆಳಗಿತ್ತು’ ಅಂದರು. ಕುರಿ, ಧೂಳು, ಒಣಹುಲ್ಲು ಬಿಟ್ಟು ಏನೂ ಕಾಣದ ನಮ್ಮೂರಿನ ಬಗ್ಗೆ ಹೀಗೆ ಹೇಳಿದಾಗ ಮೈ ಜುಮ್ಮೆನ್ನಬೇಕಿತ್ತು. ನಾನು ಕಲ್ಲನ್ನು ಒರೆಸಿ ಜೇಬಿಗೆ ಹಾಕಿಕೊಂಡೆ. ಒಂದು ಕಡೆ ಸಣ್ಣ ಬಿಳಿ ಕಲೆ ಆಗಿದೆ. ಆಸಿಡ್ ಬಿದ್ದ ಕಲ್ಲು ನಮಾಜಿಗೆ ಆಗುತ್ತದೋ ಇಲ್ಲವೋ ಎಂದು ಇಮಾಮರನ್ನು ಕೇಳಲು ಹೋಗಬೇಡ, ಊರೆಲ್ಲ ನಗುತ್ತದೆ. ನಾನೇ ಏಳು ಸಲ ತೊಳೆದಿದ್ದೇನೆ. ಕಾಗದದ ಜೊತೆ ಗಂಟು ಕಟ್ಟಿ ಕಳಿಸುತ್ತಿದ್ದೇನೆ, ಚಳಿ ಬಲಿಯುವ ಮುಂಚೆ ನಿನ್ನ ಕೈ ಸೇರಲಿ.

ಇಷ್ಟಕ್ಕೇ ಮುಗಿಸಬೇಕೆಂದಿದ್ದೆ. ಆಗುತ್ತಿಲ್ಲ. ನಾನು ಹೊರಟ ದಿನ ನೀನು ಹೊಸ್ತಿಲಲ್ಲಿ ಚೊಂಬು ತುಂಬ ನೀರು ಹಿಡಿದು ನಿಂತಿದ್ದೆ. ದೂರ ಹೋಗುವವರ ಬೆನ್ನ ಹಿಂದೆ ನೀರು ಚೆಲ್ಲದ ಮನೆ ನಮ್ಮ ಬೀದಿಯಲ್ಲಿ ಯಾವುದಿದೆ? ಹೋದವರು ಸುಖವಾಗಿ ತಿರುಗಿ ಬರಲಿ ಅಂತಲೇ ಅದು. ಎದುರುಮನೆಯ ಹುಡುಗ ಸೈನ್ಯಕ್ಕೆ ಹೊರಟಾಗ ಅವರಮ್ಮ ಇಡೀ ಬಕೆಟ್ಟನ್ನೇ ಸುರಿದಿದ್ದಳು. ಅಪ್ಪ ಎಣ್ಣೆಬಾವಿಯ ಕೆಲಸಕ್ಕೆ ಹೊರಟಾಗ ನೀನು ಚೆಲ್ಲಿದ ನೀರಿಗೆ ನನ್ನ ಚಪ್ಪಲಿಯೆಲ್ಲ ನೆನೆದಿತ್ತು. ನಾನು ಹೊರಟಾಗ ಬಸ್ಸು ಹತ್ತಿ ಹಿಂದಿನ ಕಿಟಕಿಯಿಂದ ನೋಡಿದೆ. ನೀನು ಚೊಂಬನ್ನು ಹಾಗೇ ಹಿಡಿದುಕೊಂಡು ಒಳಗೆ ಹೋದೆ. ಬಾಗಿಲ ಮುಂದಿನ ನೆಲ ಒಣಗಿಯೇ ಇತ್ತು.

ನಿನ್ನ ಸಿಟ್ಟು ನನಗೆ ಗೊತ್ತು. ‘ಪಕ್ಕದ ನಾಮಾದಲ್ಲೇ ಓದು, ಸಂಜೆಗೆ ಮನೆ ಸೇರ್ಕೋಬಹುದು. ಕಲ್ಲು ಓದೋಕೆ ವಹ್ರಾನಿಗೆ ಯಾಕೆ ಹೋಗ್ಬೇಕು? ಮನೆ ಹಿಂದೆ ಅಂತರ್ ಬೆಟ್ಟ ಇಲ್ವಾ? ಅಷ್ಟು ಕಲ್ಲು ಸಾಲ್ದಾ ನಿಂಗೆ?’ ಅಂದಿದ್ದೆ. ನಾನೂ ಮಾತು ಬಿಟ್ಟೆ. ಹೊರಡುವ ಹಿಂದಿನ ದಿನ ನೀನು ಕಟ್ಟಿಕೊಟ್ಟ ಖರ್ಜೂರದ ಉಂಡೆಯನ್ನು ಮೇಜಿನ ಮೇಲೇ ಬಿಟ್ಟು ಬಂದೆ. ಆದರೂ ಅಮ್ಮನಿಲ್ಲದ ನನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು, ಇವಳು ತಿರುಗಿ ಬರದಿದ್ದರೂ ಸರಿ ಎಂದು ನೆನೆಯುವಳೇ? ಇದೊಂದೇ ನನ್ನ ಪ್ರಶ್ನೆ. ತಿಂಗಳಾಗುತ್ತ ಬಂತು, ಪ್ರತಿ ಗುರುವಾರ ಉಳಿದವರೆಲ್ಲ ಶುಕ್ರವಾರದ ರಜೆಗೆಂದು ಊರಿಗೆ ಚೀಲ ಕಟ್ಟುತ್ತಾರೆ, ನಾನು ಬಟ್ಟೆ ಒಗೆಯುತ್ತ ಇಲ್ಲೇ ಉಳಿಯುತ್ತೇನೆ. ಬರಬೇಡ ಅನ್ನುವುದಾದರೆ ಅತ್ತೆಯ ಕೈಯಲ್ಲಿ ಬರೆಸಿ ಕಳಿಸು. ಬೇಜಾರು ಮಾಡಿಕೊಳ್ಳುವುದಿಲ್ಲ. ಈಗಿನ ಸ್ಥಿತಿಯಲ್ಲಿ ಬೇಜಾರು ಮಾಡಿಕೊಳ್ಳುವುದಕ್ಕೂ ನನ್ನಿಂದ ಆಗದು.

ಔಷಧಿ ತಪ್ಪಿಸಬೇಡ. ಒಲೆ ಹೊತ್ತಿಸಿದಾಗ ಕಿಟಕಿ ತೆರೆದಿಡಲು ಅತ್ತೆಗೆ ಹೇಳು. ನಿನ್ನ ಕೈಗೆ ಮುತ್ತಿಟ್ಟು, ನಿನ್ನ ದುವಾ ಬೇಡುವ,

ನಿನ್ನ
ಬಖ್ತಾ

ಇನ್ನೊಂದು ಮಾತು: ಇದು ಮಂಗಳವಾರ, ಬಸ್ ನಿಲ್ದಾಣ. ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಅಡ್ಡಾದಿಡ್ಡಿ, ಅತ್ತೇ, ಬೈದುಕೊಳ್ಳಬೇಡ. ಕಾಗದವನ್ನೂ ಗಂಟನ್ನೂ ಮೀಲೂದ್ ಮಾಮನಿಗೆ ಕೊಟ್ಟಿದ್ದೆ. ಗಂಟು ಮುಟ್ಟಿ ನೋಡಿದವನೇ, ‘ಇದ್ಯಾಕೆ ವಾಪಸ್ಸು? ನಿಮ್ಮಜ್ಜಿ ತಾನೇ ಇದನ್ನ ನಿನ್ ಚೀಲಕ್ಕೆ ತುರುಕಿದ್ದು’ ಅಂದ. ನಾನು ಅಕ್ಕಪಕ್ಕದ ಮನೆಗಳಿಗೆ ಹೇಳಿಬರಲು ಹೋದಾಗ ಅವನು ಚೀಲ ಎತ್ತಿಕೊಳ್ಳಲು ಬಾಗಿಲಿಗೆ ಬಂದಿದ್ದನಂತೆ. ಚೊಂಬು ನೋಡಿ, ನೀರು ಹಾಕಲ್ವಾ ಅಂತ ಕೇಳಿದನಂತೆ. ನೀನು ಹೇಳಿದ್ದನ್ನು ಅವನು ನಿನ್ನ ದನಿಯಲ್ಲೇ ಹೇಳಿದ: ‘ಮಗನಿಗೆ ಹಾಕಿದ್ದೆ ಮೀಲೂದ್. ತಿಂಗಳೊಳಗೆ ಬಂದ, ಪೆಟ್ಟಿಗೇಲಿ ಮಲಗ್ಕೊಂಡು. ಇವಳಿಗೆ ಹಾಕೋಕೆ ಕೈ ಬರ್ತಿಲ್ಲ. ನೀರು ಮುಟ್ಟಲಾಗದವರಿಗೆ ಕಲ್ಲೇ ನೀರು ಅಲ್ವಾ, ಅದಕ್ಕೇ ಕಲ್ಲಿಟ್ಟಿದ್ದೀನಿ. ಇವಳು ತನ್ನ ಕಾಲಲ್ಲಿ ನಡ್ಕೊಂಡು ಬರ್ಲಿ.’ ಅಜ್ಜೀ, ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದೇನೆ, ಕಣ್ಣೀರು ನಿಲ್ಲುತ್ತಿಲ್ಲ, ಮಾಮ ಹಾರ್ನ್ ಹೊಡೆಯುತ್ತಿದ್ದಾನೆ. ಇದಿಷ್ಟು ಬರೆಯಲು ಕಾಗದ ಇಸಿದುಕೊಂಡೆ, ಗಂಟನ್ನೂ ವಾಪಸ್ ತೆಗೆದುಕೊಂಡೆ. ಕಲ್ಲು ಕಳಿಸುವುದಿಲ್ಲ. ಗುರುವಾರ ನಾನೇ ತರುತ್ತೇನೆ. ಬಸ್ಸನ್ನು ಮನೆವರೆಗೆ ಬಿಡಬೇಡ ಎಂದು ಮಾಮನಿಗೆ ಹೇಳಿದ್ದೇನೆ, ಬೀದಿಯ ಆ ತುದಿಯಲ್ಲೇ ಇಳಿಯುತ್ತೇನೆ. ನೀನು ಹೊಸ್ತಿಲಲ್ಲಿ ನಿಂತಿರು, ನಾನು ನಡೆದು ಬರುವುದನ್ನು ನೋಡುವೆಯಂತೆ.