ನಾಲ್ಕನೆಯ ಗೋಶನ್

ಗೋಶನ್, ಅಯೊವಾ
1873ನೇ ಇಸವಿ ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ ಲೊವೀನಾ,

ಕ್ಷೇಮವಾಗಿದ್ದೀಯಾ? ಸೊಂಟನೋವು ಕಡಿಮೆಯಾಯಿತೇ? ಹುಲ್ಲುಮಣ್ಣಿನ ಗೋಡೆಯ ಮನೆ ಬೆಚ್ಚಗಿರುತ್ತದೆ ಎಂದು ನನಗೆ ಬರೆದೆ. ಸೂರಿನಿಂದ ಹಾವು ಹಾಸಿಗೆಯ ಮೇಲೆ ಬಿದ್ದದ್ದನ್ನು ನಿನ್ನ ಗಂಡ ಏಸಾ ತನ್ನ ತಾಯಿಗೆ ಬರೆದ. ಆಕೆ ಅದನ್ನು ಇಡೀ ಊರಿಗೆ ಓದಿ ಹೇಳಿದಳು. ಅಂಚೆಮನೆ ನಡೆಸುವ ನನ್ನಂಥ ತಾಯಿಯಿಂದ ಸುದ್ದಿ ಮುಚ್ಚಿಡಲು ನೋಡುತ್ತೀಯಲ್ಲ, ನಿನಗೆ ಇಪ್ಪತ್ತೇಳಾದರೂ ಬುದ್ಧಿ ಬರಲಿಲ್ಲ! ಸೌದೆ ಸಿಗದ ಊರಿನಲ್ಲಿ ಬೆರಣಿ ಉರಿಸಿ ಅಡಿಗೆ ಮಾಡುತ್ತಿದ್ದೀಯಂತೆ. ಮಾಡು, ರೊಟ್ಟಿಯ ಹಿಟ್ಟು ಮುಟ್ಟುವ ಮೊದಲು ಕೈ ತೊಳೆದುಕೊಂಡರೆ ಸಾಕು. ಪುಟ್ಟ ಇಲೆಕ್ಟಾಳ ಕೆಮ್ಮು ಹೇಗಿದೆ? ದಿನಾ ಬೆಳಿಗ್ಗೆ ಬೆಳಕಿಗೆ ಬಾಯಿ ತೆರೆಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಗಂಟಲು ನೋಡು. ಬಿಳಿ ಪೊರೆ ಏನಾದರೂ ಕಂಡರೆ ಒಂದು ಗಳಿಗೆಯೂ ತಡಮಾಡಬೇಡ. ನನ್ನ ಮಂಡಿ ಎಂದಿನ ಹಾಗೆ ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಕೋಳಿಗಳು ಮತ್ತೆ ಮೊಟ್ಟೆಯಿಡಲು ತೊಡಗಿವೆ.

ಫೆಬ್ರವರಿಯಲ್ಲಿ ನೀನು ಹಾಕಿದ ಕಾಗದ ಇಂಡಿಯಾನಾದ ಗೋಶನ್‌ಗೆ ಹೋಗಿ, ಅಲ್ಲಿ ಹತ್ತು ದಿನ ಬಿದ್ದಿದ್ದು ಬಂತು. ಅಲ್ಲಿಯ ಅಂಚೆಯಾತ ಲಕೋಟೆಯ ಮೇಲೆ, "ಅಮ್ಮಾವ್ರೇ, ನಿಮ್ಮ ಕಾಗದ ಮತ್ತೆ ನಮ್ಮಲ್ಲಿಗೇ ಬಂದಿದೆ. ನಿಮ್ಮೂರಿಗೆ ಬೇರೆ ಹೆಸರೇ ಸಿಗಲಿಲ್ವಾ?" ಎಂದು ಸೀಸದ ಕಡ್ಡಿಯಲ್ಲಿ ಗೀಚಿದ್ದ. "ನಿಮಗೆ ಸಿಕ್ಕಿತ್ತಾ?" ಎಂದು ನಾನೂ ಬರೆದು ಕಳಿಸಿದೆ. ಹೋದ ವರ್ಷ ಹೊಸ ಕೋಟು ತೊಟ್ಟು, ಉಂಗುರ ಜೇಬಿನಲ್ಲಿಟ್ಟುಕೊಂಡು ಬಂಡಿಯಿಂದಿಳಿದು, ಹ್ಯಾರಿಯಟ್ ಮನೆ ಯಾವುದು ಎಂದು ಕೇಳಿದ ಆ ಬಡಪಾಯಿ ನೆನಪಿದ್ದಾನಲ್ಲ? ಅವನ ಹ್ಯಾರಿಯಟ್ ಮುನ್ನೂರು ಮೈಲಿ ಹಿಂದಿನ ಗೋಶನ್‌ನಲ್ಲಿ ಬಾಗಿಲು ಕಾಯುತ್ತಿದ್ದಳು. ಅವನಿಗೆ ಜೋಳದ ರೊಟ್ಟಿ, ಉಪ್ಪುಮಾಂಸ ಬಡಿಸಿ ಕಳಿಸಿದ್ದು ನೀನೇ. ಆವತ್ತು ನಾವಿಬ್ಬರೂ ಅಡಿಗೆಮನೆಯಲ್ಲಿ ಏಪ್ರನ್ ಅಂಚು ಬಾಯಿಗೆ ಒತ್ತಿಕೊಂಡು ನಕ್ಕಿದ್ದೆವು. ಈಗ ನಗು ಬರುತ್ತಿಲ್ಲ.

ನಿಮ್ಮ ಹೊಸ ಊರಿಗೆ ಅಂಚೆಮನೆ ಕೊಡಲು ಸರ್ಕಾರ ಹೆಸರು ಕೇಳಿದೆ, ಹನ್ನೊಂದು ಮನೆಯವರೂ ಕೈಯೆತ್ತಿ ಗೋಶನ್ ಎಂದರು, ಏಸಾ ಈ ತಿಂಗಳ ಕೊನೆಯೊಳಗೆ ಅರ್ಜಿ ತುಂಬಿ ಕಳಿಸುತ್ತಾನೆ ಎಂದು ಬರೆದಿದ್ದೀಯ. ಒಂದೇ ರಾಜ್ಯದೊಳಗೆ ಒಂದೇ ಹೆಸರಿನ ಎರಡು ಅಂಚೆಮನೆ ಇರಕೂಡದು, ಅಷ್ಟೇ ಕಟ್ಟಳೆ. ಗಡಿ ದಾಟಿದರೆ ಹಳೆಯ ಹೆಸರು ಮತ್ತೆ ಬಿಡುವಾಗಿ ನಿಂತಿರುತ್ತದೆ. ನಮ್ಮ ಜನಕ್ಕೆ ಊರು ಬಿಡುವ ಧೈರ್ಯವಿದೆ, ಊರಿನ ಹೆಸರು ಬಿಡುವ ಧೈರ್ಯವಿಲ್ಲ. ನಾನು ಏಳು ವರ್ಷದವಳಿದ್ದಾಗ ಕನೆಕ್ಟಿಕಟ್‌ನ ಗೋಶನ್‌ನಿಂದ ಹೊರಟದ್ದು ಚೆನ್ನಾಗಿ ನೆನಪಿದೆ. ಬಂಡಿಗೆ ಏನು ಹೇರಬೇಕು, ಏನು ಬಿಡಬೇಕು ಎಂದು ಮೂರು ದಿನ ಜಗಳ. ನನ್ನ ಅಮ್ಮ ಗೋಡೆ ಗಡಿಯಾರ ಬಿಟ್ಟಳು, ಮಂಚ ಬಿಟ್ಟಳು, ತನ್ನ ಕೈಯಾರೆ ನೆಟ್ಟ ಗುಲಾಬಿ ಬಿಟ್ಟಳು. ಹೆಸರಿಗೆ ತೂಕವಿಲ್ಲವಲ್ಲ, ಅದನ್ನು ಕೆಳಗಿಳಿಸಲು ಯಾರೂ ಹೇಳಲಿಲ್ಲ. ಒಹಾಯೊದಲ್ಲಿ ಕಾಡು ಕಡಿದು ಅದನ್ನೇ ಊರಿದೆವು. ನನ್ನ ಇಪ್ಪತ್ತೈದನೆಯ ವಯಸ್ಸಿಗೆ ನಿನ್ನ ಅಪ್ಪನ ಜೊತೆ ಇಲ್ಲಿಗೆ ಬಂದಾಗ ಇಲ್ಲೂ ಅದನ್ನೇ. ನಿಮ್ಮದು ನಾಲ್ಕನೆಯದು.

ಹೆಸರೊಂದೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀನು ಹಳೆಯ ನಕ್ಷೆಯನ್ನೂ ಕಳಿಸು ಎಂದಿದ್ದೀಯ. ಅದರ ಪ್ರಕಾರವೇ ಬೀದಿ ಹಾಕಬೇಕು, ಬಿಸೆಲ್ ಮನೆಯ ಪಕ್ಕ ಥಾರ್ನ್ ಮನೆಯೇ ಇರಬೇಕು, ನಡುವೆ ಹಸಿರು ಬಯಲು, ಬಡಗಣಕ್ಕೆ ಪ್ರಾರ್ಥನಾ ಮಂದಿರ, ಮೂಡಣದ ದಿಬ್ಬದಲ್ಲಿ ಸಮಾಧಿಗಳು. ಪರಊರಿಗೆ ಬಂದಿದ್ದೇವೆ ಎಂದು ಹೆಂಗಸರಿಗೆ ಅನ್ನಿಸಬಾರದೆಂದು ಹಿರಿಯರು ಮಾಡಿದ ಪದ್ಧತಿ. ನಿಜ ಹೇಳಲೇ? ಇಲ್ಲಿಗೆ ಬಂದ ಹೊಸದರಲ್ಲಿ ಅದು ನನ್ನನ್ನು ಹೆದರಿಸಿತ್ತು. ಕಣ್ಣು ಮುಚ್ಚಿದರೂ ಕಾಲು ಬಾವಿಗೆ ಹೋಗಿ ನಿಲ್ಲುತ್ತಿತ್ತು. ಒಂದು ಮಧ್ಯಾಹ್ನ ಮೂರನೆಯ ಮನೆಯ ಬಾಗಿಲು ತಳ್ಳಿ, "ಅಮ್ಮಾ, ಉಪ್ಪು ಇದೆಯಾ?" ಎಂದು ಕೂಗಿಬಿಟ್ಟೆ. ಅಮ್ಮ ಸತ್ತು ಆಗಲೇ ಆರು ವರ್ಷವಾಗಿತ್ತು, ಸತ್ತದ್ದು ಒಹಾಯೊದ ಮೂರನೆಯ ಮನೆಯಲ್ಲಿ.

ಬಿಸೆಲ್ ತಾತನಿಗೆ ಈಗ ಪೂರ್ತಿ ಅರಳುಮರಳು. ತಾನು ಇನ್ನೂ ಕನೆಕ್ಟಿಕಟ್‌ನಲ್ಲೇ ಇದ್ದೇನೆ ಎಂದುಕೊಂಡಿದ್ದಾನೆ. ವಿಚಿತ್ರವೆಂದರೆ ಅವನನ್ನು ತಿದ್ದುವ ಪ್ರಸಂಗವೇ ಬರುವುದಿಲ್ಲ. ಎಲ್ಲಿಗೆ ಹೊರಟರೂ ಅದು ಅಲ್ಲೇ ಇರುತ್ತದೆ, ದಾರಿ ತಪ್ಪುವುದಿಲ್ಲ, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾನೆ. ಹೋದ ಮಂಗಳವಾರ ಅಂಚೆಮನೆಯ ಕಿಟಕಿಗೆ ಬಂದು, "ಏ ಕೆಜಾಯಾ, ಇಲೆಕ್ಟಾ ಒಬ್ಬಳೇ ದಿಬ್ಬ ಹತ್ತುತಾ ಇದಾಳೆ, ಕರೆದುಕೊಂಡು ಬಾ, ಗಾಳಿ ಜೋರಾಗಿದೆ" ಎಂದ. "ಯಾವ ಇಲೆಕ್ಟಾ ತಾತ?" ಎಂದೆ. ಅವನಿಗೆ ಸಿಟ್ಟು ಬಂತು. "ಯಾವಳು ಅಂತ ಕೇಳ್ತೀಯಲ್ಲೇ, ಇರೋಳು ಒಬ್ಬಳೇ ಅಲ್ವಾ!" ಎಂದು ಕೋಲು ಕುಟ್ಟಿಕೊಂಡು ಹೋದ. ನಾನು ಹೊರಗೆ ಹೋಗಿ ನೋಡಿದೆ. ದಿಬ್ಬದ ಮೇಲೆ ಯಾರೂ ಇರಲಿಲ್ಲ.

ಈಗ ನಾನು ಬರೆಯುವುದನ್ನು ನಿನಗೆ ನಾನಾಗಲಿ ನಿನ್ನ ಅಪ್ಪನಾಗಲಿ ಎಂದೂ ಹೇಳಲಿಲ್ಲ. ಕೂತು ಓದು. ಆ ನಕ್ಷೆಯನ್ನು ಕನೆಕ್ಟಿಕಟ್‌ನ ಮೂಲ ಹಾಳೆಯಿಂದ ನಕಲು ಮಾಡಿದವನು ನನ್ನ ಅಪ್ಪನ ಚಿಕ್ಕಪ್ಪ. ಒಂದು ಅಕ್ಷರವನ್ನೂ ಬಿಡಲು ಹೆದರುವ ಮನುಷ್ಯ. ಮನೆಯ ಚೌಕಗಳಲ್ಲಿ ಮನೆತನದ ಹೆಸರು ಬರೆದ, ಸರಿ. ಸಮಾಧಿಯ ದಿಬ್ಬದ ಪುಟ್ಟ ಚೌಕಗಳಲ್ಲಿ ಅಲ್ಲಿ ಮಲಗಿದವರ ಹೆಸರೂ ಇತ್ತಲ್ಲ, ಅದನ್ನೂ ಚಾಚೂ ತಪ್ಪದೆ ಇಳಿಸಿದ. ದಾರಿಯಲ್ಲಿ ಬಿಚ್ಚಿ ನೋಡಿದ ಗಂಡಸರು ಹೊಟ್ಟೆ ಹಿಡಿದು ನಕ್ಕರು. "ಸತ್ತೋರನ್ನೂ ಬಂಡಿ ಹತ್ತಿಸಿದ್ದೀಯಲ್ಲಯ್ಯಾ!" ಎಂದರು. ಕೆರೆದು ಅಳಿಸಲು ಒಬ್ಬ ಚಾಕು ತೆಗೆದ. ನನ್ನ ಅಜ್ಜಿ ಅವನ ಕೈ ಹಿಡಿದುಕೊಂಡು, "ಬಿಡಪ್ಪಾ, ಕೂಸನ್ನ ಅಲ್ಲೇ ಬಿಟ್ಟು ಬಂದಿದೀನಿ, ಹೆಸರಾದ್ರೂ ಬರಲಿ" ಎಂದಳು. ಮೂಲೆಯ ಮೊದಲನೆಯ ಚೌಕದಲ್ಲಿದ್ದದ್ದು ಅವಳ ಮಗಳು. "ಇಲೆಕ್ಟಾ, ಆರು ವರ್ಷ" ಎಂದಿತ್ತು. ಯಾರೂ ಅಳಿಸಲಿಲ್ಲ.

ಸತ್ತ ಮಗುವಿನ ಹೆಸರನ್ನು ಆ ಮನೆಯಲ್ಲಿ ಮುಂದೆ ಹುಟ್ಟುವ ಮಗುವಿಗೆ ಇಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ನನ್ನ ತಂಗಿಗೆ ಅಪ್ಪ ಆ ಹೆಸರನ್ನೇ ಇಟ್ಟಿದ್ದ. ಒಹಾಯೊಕ್ಕೆ ಬಂದ ಎರಡನೆಯ ಚಳಿಗಾಲದಲ್ಲಿ ಅವಳ ಗಂಟಲಿಗೆ ಬಿಳಿ ಪೊರೆ ಕಟ್ಟಿತು, ನಾಲ್ಕೇ ದಿನ. ಹೊಸ ಊರಿನ ಮೊದಲ ಸಾವು. ಎಲ್ಲಿಂದ ಅಗೆಯಲು ಶುರುಮಾಡಬೇಕೆಂದು ನೋಡಲು ಗುಂಡಿ ತೋಡುವವನು ನಕ್ಷೆ ಕೇಳಿ ಪಡೆದ. ಸ್ವಲ್ಪ ಹೊತ್ತಿಗೆ ಅದನ್ನು ಹಿಡಿದುಕೊಂಡೇ ಮನೆಗೆ ಬಂದ. "ಇದನ್ನ ಯಾರು ಬರೆದ್ರು ಸ್ವಾಮಿ? ಇವತ್ತು ಬೆಳಿಗ್ಗೆ ಬರೆದ್ರಾ?" ಎಂದು ಅಪ್ಪನನ್ನು ಕೇಳಿದ. ತಂಗಿಗೆ ಆರು ವರ್ಷವಾಗಿತ್ತು. ನನಗೆ ಒಂಬತ್ತು, ಬಾಗಿಲ ಹಿಂದೆ ನಿಂತಿದ್ದೆ. ಅಪ್ಪ ಹಾಳೆಯನ್ನು ಸುತ್ತಿ ಪೆಟ್ಟಿಗೆಗೆ ಹಾಕಿದ.

ನೀನು ಹುಟ್ಟುವ ಮುಂಚೆ ಒಬ್ಬಳು ಅಕ್ಕ ಇದ್ದಳೆಂದು ನಿನಗೆ ಗೊತ್ತು. ಅವಳಿಗೆ ಆ ಹೆಸರಿಟ್ಟವಳು ನಾನು. ತಂಗಿ ಅಂದರೆ ನನಗೆ ಅಷ್ಟು ಪ್ರಾಣ. ಇಲ್ಲಿಗೆ ಬಂದಾಗ ಅದೇ ಹಾಳೆ ನಮ್ಮ ಜೊತೆ ಬಂತು. ಅದರ ನೆತ್ತಿಯಲ್ಲಿ ಕನೆಕ್ಟಿಕಟ್ ಹೊಡೆದುಹಾಕಿ ಒಹಾಯೊ ಎಂದಿತ್ತು. ನಿನ್ನ ಅಪ್ಪ ಒಹಾಯೊ ಹೊಡೆದುಹಾಕಿ ಅಯೊವಾ ಎಂದು ಬರೆದರು. ಎರಡನೆಯ ಚಳಿಗಾಲ, ಅದೇ ಗಂಟಲು, ಆರು ವರ್ಷ, ದಿಬ್ಬದ ಮೂಲೆಯ ಅದೇ ಮೊದಲ ಚೌಕ. ನಾನು ಕಿರುಚಿ ರಂಪ ಮಾಡಿದೆ. "ಹೊಸ ಊರಲ್ಲಿ ಮಕ್ಕಳು ಸಾಯ್ತಾವೆ ಕೆಜಾಯಾ, ಎಲ್ಲಾ ಹೊಸ ಊರಲ್ಲೂ ಸಾಯ್ತಾವೆ. ಕಾಗದಕ್ಕೇನು ಗೊತ್ತಾಗುತ್ತೆ?" ಎಂದು ನಿನ್ನ ಅಪ್ಪ ಸಮಾಧಾನ ಮಾಡಿದರು. ಅವರು ಹೇಳಿದ್ದು ಸರಿ ಇರಬಹುದು. ಉಳಿದ ಚೌಕಗಳ ಹೆಸರುಗಳು ಎಲ್ಲೂ ತಾಳೆಯಾಗಲಿಲ್ಲ, ಅದೂ ನಿಜ. ಮಾರನೆಯ ದಿನ ಒಲೆ ಹಚ್ಚಲೇಬೇಕಾಗಿತ್ತು, ಹಾಗಾಗಿ ನಾನೂ ನಂಬಿದೆ.

ನಿನ್ನ ಮಗಳು ಹುಟ್ಟಿದ ದಿನ ನೀನು ಅವಳನ್ನು ನನ್ನ ತೊಡೆಗೆ ಹಾಕಿ, "ನಿನ್ನ ಇಲೆಕ್ಟಾ ತಿರುಗಿ ಬಂದಳು ನೋಡಮ್ಮಾ" ಎಂದೆ. ಬೇಡ ಎನ್ನಲು ಬಾಯಿ ತೆರೆದೆ. ಆದರೆ ಆ ಹೆಸರನ್ನು ಮತ್ತೊಮ್ಮೆ ಮನೆಯಲ್ಲಿ ಕೂಗಬೇಕೆಂಬ ಆಸೆ ನನಗೆ ಇತ್ತು ಮಗಳೇ, ಹಸಿವಿನ ಹಾಗೆ ಇತ್ತು. ಬಾಯಿ ಮುಚ್ಚಿಕೊಂಡೆ. ನೀವು ಇಲ್ಲೇ ಇದ್ದಷ್ಟು ಕಾಲ ಭಯವಿರಲಿಲ್ಲ, ಇಲ್ಲಿಯ ಚೌಕ ತುಂಬಿಯಾಗಿತ್ತು. ಅಲ್ಲಿ ಖಾಲಿಯಿದೆ. ಮೇ ತಿಂಗಳಿಗೆ ಅವಳಿಗೆ ಆರು ತುಂಬುತ್ತದೆ, ಬರುವುದು ನಿಮ್ಮ ಎರಡನೆಯ ಚಳಿಗಾಲ. ತಪ್ಪು ನನ್ನದು, ಇದನ್ನು ಆವತ್ತೇ ಹೇಳಬೇಕಾಗಿತ್ತು.

ಇವತ್ತು ಬೆಳಿಗ್ಗೆ ಪ್ರಾರ್ಥನೆಗೆ ಹೋಗದೆ ಪೆಟ್ಟಿಗೆ ತೆಗೆದು ನಕ್ಷೆಯನ್ನು ಒಲೆಗೆ ಹಾಕಿದೆ. ದಪ್ಪ ಹಾಳೆ, ಬೇಗ ಹತ್ತಿಕೊಳ್ಳಲಿಲ್ಲ, ಕಡ್ಡಿಯಿಂದ ಕೆದಕಿ ಕೆದಕಿ ಸುಡಬೇಕಾಯಿತು. ಏಸಾ ಕೇಳಿದರೆ ಇಲಿ ತಿಂದಿತು ಎನ್ನು. ಊರಿಗೆ ಬೇರೆ ಹೆಸರು ಹುಡುಕಿ. ಅಲ್ಲಿ ಹರಿಯುವ ಹಳ್ಳದ ಹೆಸರಿಡಿ, ರೈಲು ಕಂಪನಿಯ ಯಾವನೋ ಗುಮಾಸ್ತನ ಹೆಸರಿಡಿ, ಏಸಾನ ಎಮ್ಮೆಯಂಥ ಕುದುರೆಗೆ ಇಟ್ಟ ಹೆಸರಾದರೂ ಸರಿ. ಬೀದಿಗಳನ್ನು ಸೊಟ್ಟಗೆ ಹಾಕಿ. ಥಾರ್ನ್ ಮತ್ತು ಬಿಸೆಲ್ ದೂರ ದೂರ ಇರಲಿ, ಅವರ ಜಗಳವೂ ತಪ್ಪುತ್ತದೆ. ಮೂಡಣದ ದಿಬ್ಬವನ್ನು ಉತ್ತು ಆಲೂಗಡ್ಡೆ ಹಾಕಿ. ಮುದುಕಿಗೆ ತಲೆ ಕೆಟ್ಟಿದೆ ಎಂದು ಏಸಾ ನಗಲಿ, ಪರವಾಗಿಲ್ಲ. ನಕ್ಕುಕೊಂಡೇ ಅರ್ಜಿಯಲ್ಲಿ ಬೇರೆ ಹೆಸರು ಬರೆಯಲಿ.

ಏಸಾನಿಗೆ ನನ್ನ ಆಶೀರ್ವಾದ. ನೀನು ಹೊಟ್ಟೆ ತುಂಬ ಉಣ್ಣು, ಭಾರ ಎತ್ತಬೇಡ. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ದೇವರು ನಿಮ್ಮ ಛಾವಣಿಯನ್ನೂ ಅದರ ಕೆಳಗಿರುವವರನ್ನೂ ಕಾಯಲಿ.

ನಿನ್ನ ತಾಯಿ,
ಕೆಜಾಯಾ

ಮತ್ತೆ ಸೇರಿಸಿದ್ದು: ಸೋಮವಾರ ಬೆಳಿಗ್ಗೆ. ಇದನ್ನು ಚೀಲಕ್ಕೆ ಹಾಕುವಷ್ಟರಲ್ಲಿ ನಿನ್ನ ಇನ್ನೊಂದು ಕಾಗದ ಬಂತು, ಈ ಸಲ ನೇರವಾಗಿ. ನಕ್ಷೆಗೆ ಕಾಯದೆ ಏಸಾ ನೆನಪಿನಿಂದಲೇ ಊರು ಬರೆದ ಹಾಳೆಯನ್ನೂ ಇಟ್ಟಿದ್ದೀಯ. "ಮಗು ಈಗ ಹೆಸರು ಬರೆಯೋದು ಕಲಿತಿದಾಳೆ ಅಮ್ಮ. ಬಯಲ ಪಕ್ಕ ನಮ್ಮ ಮನೆ ತೋರಿಸಿ ಇಲ್ಲಿ ಬರಿ ಅಂದ್ರೆ ಬೇಡ ಅಂದಳು. ಇದು ನಂದು ಅಂತ ಮೂಲೇಲಿ ತಾನೇ ಒಂದು ಚೌಕ ಹಾಕಿ ಬರೆದಳು, ಎಷ್ಟು ಮುದ್ದಾಗಿದೆ ನೋಡು" ಎಂದಿದ್ದೀಯ. ನೋಡಿದೆ. ಏಸಾ ದಿಬ್ಬವನ್ನು ಖಾಲಿ ಬಿಟ್ಟಿದ್ದಾನೆ, ಅಲ್ಲಿ ಇರುವುದು ಅವಳ ಚೌಕ ಒಂದೇ. ನಕ್ಷೆ ಸುಟ್ಟರೆ ಸಾಕು ಎಂದುಕೊಂಡಿದ್ದೆ. ಊರಿಗೆ ನೀವು ಏನು ಬೇಕಾದರೂ ಹೆಸರಿಟ್ಟುಕೊಳ್ಳಿ, ಮಗುವಿನ ಹೆಸರು ಇವತ್ತೇ ಬದಲಿಸು. ಹೊಳೆಯದಿದ್ದರೆ ಬರೀ ಮಗು ಎನ್ನು. ಊಟಕ್ಕೆ ಕರೆಯುವಾಗಲೂ ಆ ಹೆಸರು ಕೂಗಬೇಡ. ಅಂಚೆಮನೆಯ ಬೀಗದಕೈ ಪಾದ್ರಿಯ ಹೆಂಡತಿಗೆ ಕೊಟ್ಟಾಯಿತು, ನಾಳೆಯ ರೈಲಿಗೆ ಹೊರಡುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲೇ ನಾನು ಬಂದು ನಿಂತರೆ ಏನೂ ಕೇಳಬೇಡ, ಬಾಗಿಲು ತೆಗೆದ ಕೂಡಲೇ ಮಗುವನ್ನು ನನ್ನ ಕೈಗೆ ಕೊಡು.