ಹಿಮ್ಮಡಿಯ ಮಣ್ಣು

ಮೂಕನಗುಡ್ಡ
೨೨೩೧ನೇ ಇಸವಿ, ಫೆಬ್ರವರಿ ಮೂವತ್ತು

ನಮ್ಮ ಗುಡ್ಡವನ್ನು ಕಡಿದು ಮಾರಿದವರಿಗೆ, ಮಾರುವಾಗ ನೋಡುತ್ತ ನಿಂತವರಿಗೆ,

ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ನೀವು ಬಿಟ್ಟುಹೋದದ್ದರಲ್ಲಿ ಪಂಚಾಂಗವನ್ನೂ ನಾವೇ ರಿಪೇರಿ ಮಾಡಬೇಕಾಯಿತು. ಹಿಂದಿನ ಕಾಲದವರಿಗೆ ಬರೆಯುವ ಇಂಥ ಪತ್ರದಲ್ಲಿ ಮೊದಲು, ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ ಎನ್ನಬೇಕಂತೆ. ಎಂದಿದ್ದೇನೆ. ನಿಮ್ಮನ್ನು ಕ್ಷಮಿಸುವ ಮಾತು ಮಾತ್ರ ಇದರಲ್ಲಿಲ್ಲ.

ನಾನು ಫಕೀರವ್ವ. ನೀವು ಕ್ವಾರಿ ಎನ್ನುತ್ತಿದ್ದ ಗುಂಡಿಗೆ ನಾವು ಹಾಳುಬಾಯಿ ಎನ್ನುತ್ತೇವೆ. ಎಷ್ಟು ಹಾಕಿದರೂ ನುಂಗುತ್ತದೆ. ಅದರ ತಳದ ಬರಿಬಂಡೆಯ ಮೇಲೆ ಕಾಡು ಬೆಳೆಸುವುದು ನಮ್ಮೂರಿನ ಕೆಲಸ. ಸಗಣಿ, ತರಗೆಲೆ, ಒಲೆಯ ಬೂದಿ ಎಲ್ಲ ಅಲ್ಲಿಗೇ. ಮೊದಲು ಬಾದೆಹುಲ್ಲು ಹಿಡಿಯಬೇಕು, ಆಮೇಲೆ ಹೊಂಗೆ, ಆಮೇಲೆ ಕಮರದ ಮರ. ಬೇರು ಬಂಡೆಗೆ ತಾಗಿದರೆ ಮರ ಅಲ್ಲಿಗೇ ನಿಲ್ಲುತ್ತದೆ, ಗಾಳಿ ಜೋರಾದರೆ ಮಲಗುತ್ತದೆ. ಮಲಗಿದ ಮರವನ್ನೂ ಕೊಳೆಸಿ ಮಣ್ಣು ಮಾಡುತ್ತೇವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನೀವೂ ಒಮ್ಮೆ ಇಲ್ಲಿ ಸಸಿ ನೆಟ್ಟಿದ್ದಿರಂತೆ, ಫೋಟೋ ತೆಗೆಯುವಷ್ಟು ಹೊತ್ತು.

ಇಷ್ಟೂ ಸಾಕಾಗದೆ ಸೊಸೆಯಂದಿರು ಮಣ್ಣು ತರುತ್ತಾರೆ. ನಿಮ್ಮ ಕಾಲದಲ್ಲಿ ಮಗಳ ಉಡಿಯನ್ನು ಅಕ್ಕಿ, ಕೊಬ್ಬರಿಯಿಂದ ತುಂಬುತ್ತಿದ್ದರು. ನಮ್ಮೂರಿಗೆ ಬರುವ ಹುಡುಗಿಗೆ ತವರಿನ ಹೊಲದ ಮಣ್ಣು ತುಂಬುತ್ತಾರೆ, ಅದೇ ಉಡಿಮಣ್ಣು. ಹಾಳುಬಾಯಿಯ ಒಂದು ಕುಣಿಗೆ ಅದನ್ನು ಸುರಿದು ಸಸಿ ನೆಟ್ಟ ಮೇಲೆಯೇ ಅವಳು ಹೊಸ್ತಿಲು ದಾಟುವುದು. ನಾನು ನೆಟ್ಟ ಹೊಂಗೆಯ ನೆರಳಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.

ಈ ಸಲ ನನ್ನ ಮಗ ಯಂಕೋಬನ ಮದುವೆ. ಮಾತುಕತೆಗೆ ಬಂದ ಬೀಗತಿ ತಿಪ್ಪವ್ವ ಎಲ್ಲಕ್ಕೂ ಒಪ್ಪಿ, ಏಳುವಾಗ ಅಂದಳು: "ಅಕ್ಕಾರ, ಮಗಳ್ನ ಕೊಡ್ತೀವ್ರಿ. ಮಣ್ಣ ಕೊಡೂದಿಲ್ಲ." ಅವರ ಹೊಲವೂ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆಯಂತೆ. ನಾನು ಅವಳನ್ನು ಬೈಯಲಿಲ್ಲ. ಬೈಗುಳವನ್ನೆಲ್ಲ ನಿಮಗೆಂದು ಎತ್ತಿಟ್ಟೆ. ಬರಿ ಉಡಿಯ ಹುಡುಗಿಯನ್ನು ಒಳಗೆ ಕರೆದರೆ ನಾಳೆ ಯಾರೂ ಮಣ್ಣು ತರುವುದಿಲ್ಲ, ಹಾಗೆ ಬಂದರೆ ತಿರುಗಿ ಕಳಿಸುತ್ತೇವೆ ಎಂದು ಹಿರಿಯರು ಹಟ ಹಿಡಿದರು. ಮಗ ಊಟ ಬಿಟ್ಟ.

ನಿನ್ನೆ ದಿಬ್ಬಣ ಬಂತು. ಹುಡುಗಿ ಸಾವಂತ್ರಿ ಬಂಡಿಯಿಂದ ಇಳಿದು ನೇರ ಕುಣಿಯ ಬಳಿ ಹೋಗಿ ಸೀರೆಯ ನೆರಿಗೆ ಎತ್ತಿ ಹಿಡಿದಳು. ಮೊಣಕಾಲಿನ ತನಕ ಕೆಸರು, ಒಣಗಿ ಬಿರಿದಿತ್ತು. ಹೊರಡುವ ಮೊದಲು ನೀರು ಬಿಟ್ಟಿದ್ದ ಅಪ್ಪನ ಹೊಲದಲ್ಲಿ ನಡೆದಾಡಿ, ಕಾಲು ತೊಳೆಯದೆ ಬಂಡಿ ಹತ್ತಿದ್ದಳು.

"ಅತ್ತಿ, ಒಂದ್ ತಂಬಗಿ ನೀರ ಕೊಡ್ರಿ" ಎಂದಳು.

ನಾನೇ ಕುಣಿಯ ಮೇಲೆ ಅವಳ ಕಾಲು ತೊಳೆದೆ. ಹಿಮ್ಮಡಿಯ ಬಿರುಕನ್ನೂ ಬಿಡದೆ ಉಗುರಿನಿಂದ ಕೆರೆದೆ. ಎಲ್ಲ ಸೇರಿ ಒಂದು ಬೊಗಸೆಯೂ ಆಗಲಿಲ್ಲ. ಹಿರಿಯರೇ ಸಸಿ ತಂದು ಅವಳ ಕೈಗೆ ಕೊಟ್ಟರು. ನಾನು ಅತ್ತೆ.

ನೀವು ಗುಡ್ಡಕ್ಕೆ ಕೈ ಹಾಕಿದ ಮೊದಲ ದಿನವೇ ಜೆಸಿಬಿ ಮೇಲಿನ ಮಣ್ಣನ್ನೆಲ್ಲ ಕೆರೆದು, ಕಸವೆಂದು ಹಳ್ಳಕ್ಕೆ ನೂಕಿತು. ಒಂದು ಮೂಲೆಯಲ್ಲಿ ರಾಶಿ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು? ನಿಮ್ಮ ಸಸಿ, ಫಲಕ, ಭಾಷಣ ಯಾವುದೂ ಬೇಡ. ನಿಮ್ಮ ಕಾಲದಲ್ಲಿ ಇನ್ನೂ ಒಡೆಯದ ಗುಡ್ಡಗಳಿವೆ. ಕಲ್ಲು ಒಯ್ಯುವುದಿದ್ದರೆ ಒಯ್ದು ಹಾಳಾಗಿ ಹೋಗಿ. ಮಣ್ಣನ್ನು ಮಾತ್ರ ಅಲ್ಲೇ ಬಿಡಿ. ಇನ್ನೊಬ್ಬ ಅತ್ತೆ ಸೊಸೆಯ ಹಿಮ್ಮಡಿ ಕೆರೆಯುವಂತಾಗಬಾರದು.

ನಮಸ್ಕಾರ ಹೇಳುವುದಿಲ್ಲ.

ಫಕೀರವ್ವ,
ಸಾವಂತ್ರಿಯ ಅತ್ತೆ